ಈರುಳ್ಳಿ ಬೇರಿನ ತುದಿಯಲ್ಲಿ ಮೈಕ್ರೋಟ್ಯೂಬ್ಯೂಲ್ ಬೆಳಗಿಸುವುದು: ಮಾನೊಕ್ಲೋನಲ್ ಪ್ರತಿಕಾಯದ ಕೆಲಸದ ದಾಖಲೆ

ಈರುಳ್ಳಿ ಬೇರಿನ ತುದಿಯ ಜೀವಕೋಶಗಳಲ್ಲಿ ಮೈಕ್ರೋಟ್ಯೂಬ್ಯೂಲ್‌ಗಳನ್ನು, ಅಂದರೆ ಟ್ಯೂಬುಲಿನ್ ಎಂಬ ಪ್ರೋಟೀನಿನಿಂದಾದ ಸೂಕ್ಷ್ಮ ನಾಳಗಳನ್ನು, ಮಾನೊಕ್ಲೋನಲ್ ಪ್ರತಿಕಾಯದಿಂದ (ಒಂದೇ ಕೋಶದ ಸಂತತಿ ತಯಾರಿಸುವ, ಒಂದೇ ಗುರಿಯನ್ನು ಹಿಡಿಯುವ ಪ್ರತಿಕಾಯ) ಗುರುತಿಸಿ, ಹೊಳೆಯುವ ಬಣ್ಣದಲ್ಲಿ ನೋಡುವ ಕೆಲಸ ಇಲ್ಲಿದೆ. ಆ್ಯಕ್ಟಿನ್‌ಗೆ (ಕೋಶದೊಳಗಿನ ಇನ್ನೊಂದು ಬಗೆಯ ಎಳೆಗಳ ಪ್ರೋಟೀನು) ಬೇಕಾದ ಬದಲಾವಣೆಗಳು ಕೊನೆಯ ಭಾಗದಲ್ಲಿವೆ. ಸ್ಲೈಡ್ ಕತ್ತಲೆಯಾಗಿ ಕಂಡರೆ ಮೊದಲು ಅನುಮಾನ ಬರುವುದು ಪ್ರತಿಕಾಯದ ಮೇಲೆ. ಸಸ್ಯಕೋಶದ ಮಟ್ಟಿಗೆ ಆ ಅನುಮಾನ ಬಹುತೇಕ ಸಲ ತಪ್ಪು. ಪ್ರತಿಕಾಯ ಚೆನ್ನಾಗಿಯೇ ಇರುತ್ತದೆ. ಟ್ಯೂಬುಲಿನ್ ಇರುವಲ್ಲಿಗೆ ಅದು ತಲುಪಿರುವುದಿಲ್ಲ, ಇಲ್ಲವೇ ತಲುಪುವ ಹೊತ್ತಿಗೆ ಮೈಕ್ರೋಟ್ಯೂಬ್ಯೂಲ್‌ಗಳೇ ಕಳಚಿಹೋಗಿರುತ್ತವೆ.

ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಕಾರಣ ಗೊತ್ತಾಗುತ್ತದೆ. ಬೆಳೆಯುವ ಸಸ್ಯಕೋಶದ ಭಿತ್ತಿಯಲ್ಲಿರುವ ರಂಧ್ರಗಳ ವ್ಯಾಸ ಸುಮಾರು 3.5ರಿಂದ 5 ನ್ಯಾನೊಮೀಟರ್. ಐಜಿಜಿ ಎಂಬ ಸಾಮಾನ್ಯ ಬಗೆಯ ಪ್ರತಿಕಾಯದ ತೂಕ 150 ಕಿಲೊಡಾಲ್ಟನ್, ದ್ರಾವಣದಲ್ಲಿ ಅದರ ವ್ಯಾಸ ಸುಮಾರು 10 ನ್ಯಾನೊಮೀಟರ್. ಇಡಿಯಾಗಿರುವ ಭಿತ್ತಿಯನ್ನು ಅದು ದಾಟುವುದು ಸಾಧ್ಯವೇ ಇಲ್ಲ. ಭಿತ್ತಿ ಸಡಿಲಿಸಲು ಕಿಣ್ವ ಬೇಕು, ಕಿಣ್ವದ ಪುಡಿಯಲ್ಲಿ ಪ್ರೋಟಿಯೇಸ್ (ಪ್ರೋಟೀನು ಕತ್ತರಿಸುವ ಕಿಣ್ವ) ಇರುತ್ತದೆ, ಪ್ರೋಟಿಯೇಸ್ ಟ್ಯೂಬುಲಿನನ್ನು ತಿನ್ನುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಇಕ್ಕಟ್ಟಿನ ಸುತ್ತಲೇ ಇವೆ. 1981ರಲ್ಲಿ ಸೂಸನ್ ವಿಕ್ ಮತ್ತು ಸಂಗಡಿಗರು ಕೋಶವನ್ನು ಮೊದಲು ಫಿಕ್ಸ್ ಮಾಡಿ (ರಾಸಾಯನಿಕದಿಂದ ಇದ್ದಂತೆಯೇ ಬಿಗಿಹಿಡಿದು), ಆಮೇಲೆ ಭಿತ್ತಿ ಸಡಿಲಿಸಿ, ಕೊನೆಗೆ ಪ್ರತಿಕಾಯ ಹಾಕುವ ದಾರಿಯನ್ನು ಬೇರಿನ ತುದಿಯ ಕೋಶಗಳಲ್ಲಿ ತೋರಿಸಿದರು. ಆ ಅನುಕ್ರಮ ಇಂದಿಗೂ ಹಾಗೆಯೇ ಉಳಿದಿದೆ.

ಕ್ಲೋನ್ ಆಯ್ಕೆ

ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಮಾನೊಕ್ಲೋನಲ್ ಪ್ರತಿಕಾಯ ತಯಾರಿಸುವ ಹೈಬ್ರಿಡೋಮಾ ವಿಧಾನ ಪ್ರಕಟಿಸಿದ ಮೇಲೆ ಟ್ಯೂಬುಲಿನ್ ವಿರುದ್ಧ ಬಂದ ಕ್ಲೋನ್‌ಗಳಲ್ಲಿ (ಒಂದೊಂದು ಪ್ರತಿಕಾಯ ತಯಾರಿಸುವ ಕೋಶಸಂತತಿಗಳಲ್ಲಿ) ಹೆಚ್ಚಿನವಕ್ಕೂ ಸಸ್ಯಕ್ಕೂ ಸಂಬಂಧವಿಲ್ಲ. ಡಿಎಂ1ಎ ಹುಟ್ಟಿದ್ದು ಕೋಳಿಮರಿಯ ಮೆದುಳಿನ ಟ್ಯೂಬುಲಿನ್‌ನಿಂದ, ಬಿ-5-1-2 ಸಮುದ್ರ ಅರ್ಚಿನ್‌ನ ವೀರ್ಯಾಣು ಬಾಲದಿಂದ, ವೈಒಎಲ್1/34 ಯೀಸ್ಟ್‌ನಿಂದ. ಆದರೂ ಇವು ಸಸ್ಯದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ, ಏಕೆಂದರೆ ಟ್ಯೂಬುಲಿನ್ ವಿಕಾಸದ ಉದ್ದಕ್ಕೂ ಅಷ್ಟಾಗಿ ಬದಲಾಗದ ಪ್ರೋಟೀನು. ಈ ಮೂರೂ ಹಿಡಿಯುವುದು ಆಲ್ಫಾ ಟ್ಯೂಬುಲಿನ್‌ನ ಕೊನೆಯ ಭಾಗವನ್ನು. ಡಿಎಂ1ಎ ಗುರುತಿಸುವ ತುಣುಕು 426ರಿಂದ 430ರವರೆಗಿನ ಅಮೈನೋ ಆಮ್ಲಗಳ ಆಸುಪಾಸಿನಲ್ಲಿದೆ. ನಾಳದ ಹೊರಮೈಗೆ ಚಾಚಿರುವ ಭಾಗ ಅದೇ ಆದ್ದರಿಂದ ಪ್ರತಿಕಾಯಕ್ಕೆ ಸುಲಭವಾಗಿ ಸಿಗುತ್ತದೆ.

ಮೊದಲ ಪ್ರಯತ್ನಕ್ಕೆ ಡಿಎಂ1ಎ ಅಥವಾ ಬಿ-5-1-2 ಸಾಕು. ಎರಡೂ ಇಲಿಯ (ಮೌಸ್) ಐಜಿಜಿ1 ಎಂಬ ಉಪವರ್ಗದವು. ಮುಂದೆ ಆ್ಯಕ್ಟಿನ್ ಜೊತೆ ಎರಡು ಬಣ್ಣದಲ್ಲಿ ನೋಡುವ ಯೋಚನೆ ಇದ್ದರೆ ರ‍್ಯಾಟ್ ಮೂಲದ ವೈಒಎಲ್1/34 ತೆಗೆದುಕೊಳ್ಳಿ. ವೈಎಲ್1/2 ಎಂಬ ಇನ್ನೊಂದು ರ‍್ಯಾಟ್ ಕ್ಲೋನ್ ಟೈರೋಸಿನ್‌ನಲ್ಲಿ ಮುಗಿಯುವ ಆಲ್ಫಾ ಟ್ಯೂಬುಲಿನನ್ನು ಮಾತ್ರ ಹಿಡಿಯುತ್ತದೆ. ನಿಮ್ಮ ಸಸ್ಯದ ಟ್ಯೂಬುಲಿನ್‌ನ ಕೊನೆಯ ಅಮೈನೋ ಆಮ್ಲಗಳ ಅಕ್ಷರಗಳನ್ನು ಡೇಟಾಬೇಸ್‌ನಲ್ಲಿ ನೋಡದೆ ಅದನ್ನು ತರಿಸಬೇಡಿ. ಅಸಿಟೈಲ್ ಗುಂಪು ಅಂಟಿದ ಲೈಸಿನ್ 40ನ್ನು (40ನೆಯ ಅಮೈನೋ ಆಮ್ಲ) ಹಿಡಿಯುವ 6-11ಬಿ-1 ಕ್ಲೋನಿನದು ಬೇರೆಯೇ ತೊಡಕು. ಆ ಲೈಸಿನ್ ಇರುವುದು ನಾಳದ ಒಳಗೋಡೆಯ ಕಡೆ. ಅಲ್ಲಿ ಹೊಳಪು ಕಾಣದಿದ್ದರೆ ಅಸಿಟೈಲೀಕರಣವೇ ಇಲ್ಲ ಎಂಬ ತೀರ್ಮಾನಕ್ಕೆ ಬರುವಂತಿಲ್ಲ.

ಅಯೋವಾ ವಿಶ್ವವಿದ್ಯಾಲಯದಲ್ಲಿರುವ ಡೆವಲಪ್‌ಮೆಂಟಲ್ ಸ್ಟಡೀಸ್ ಹೈಬ್ರಿಡೋಮಾ ಬ್ಯಾಂಕ್‌ನಲ್ಲಿ 12ಜಿ10 ಮತ್ತು ಜೆಎಲ್‌ಎ20 ಸಿಗುತ್ತವೆ. ಮೊದಲನೆಯದು ಆಲ್ಫಾ ಟ್ಯೂಬುಲಿನ್‌ಗೆ, ಎರಡನೆಯದು ಆ್ಯಕ್ಟಿನ್‌ಗೆ. ಕೊಳ್ಳುವ ಮುನ್ನ ಐಸೋಟೈಪ್ (ಪ್ರತಿಕಾಯದ ವರ್ಗ) ಓದಿ. 12ಜಿ10 ಐಜಿಜಿ1, ಜೆಎಲ್‌ಎ20 ಐಜಿಎಂ. ಗುರಿಗೆ ಅಂಟುವ ಮೊದಲ ಪ್ರತಿಕಾಯ ಪ್ರೈಮರಿ, ಅದನ್ನು ಹಿಡಿದು ಹೊಳೆಯುವ ಬಣ್ಣ ತರುವ ಎರಡನೆಯದು ಸೆಕೆಂಡರಿ. ಐಜಿಜಿಯನ್ನು ಮಾತ್ರ ಹಿಡಿಯುವ ಸೆಕೆಂಡರಿ ಹಾಕಿದರೆ ಜೆಎಲ್‌ಎ20 ಎಷ್ಟೇ ಚೆನ್ನಾಗಿ ಅಂಟಿದ್ದರೂ ಏನೂ ಕಾಣದು. ಐಜಿಎಂ, ಪ್ರತಿಕಾಯ ಶುದ್ಧೀಕರಿಸುವ ಪ್ರೋಟೀನ್ ಜಿ ಕಾಲಂನಲ್ಲೂ ನಿಲ್ಲುವುದಿಲ್ಲ. ಐಜಿಜಿ1 ಶುದ್ಧೀಕರಿಸುವುದಾದರೆ ಪ್ರೋಟೀನ್ ಎ ಬದಲು ಪ್ರೋಟೀನ್ ಜಿ ಬಳಸಿ. ಇಲಿಯ ಐಜಿಜಿ1, ರ‍್ಯಾಟ್‌ನ ಹೆಚ್ಚಿನ ಐಜಿಜಿಗಳು ಪ್ರೋಟೀನ್ ಎಗೆ ಸಡಿಲವಾಗಿಯೇ ಅಂಟುತ್ತವೆ.

ಮೊದಲು ಬ್ಲಾಟ್

ಹೊಸ ಕ್ಲೋನನ್ನು ನೇರವಾಗಿ ಸ್ಲೈಡಿಗೆ ಹಾಕುವ ಮುನ್ನ ಒಂದು ವೆಸ್ಟರ್ನ್ ಬ್ಲಾಟ್ ಮಾಡಿ, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯ ಯಾವುದಕ್ಕೆ ಅಂಟುತ್ತದೆ ನೋಡಿ. ಬೇರಿನ ತುದಿಗಳನ್ನು 100 ಮಿ.ಗ್ರಾಂ ಕೂಡಿಸಿ, ದ್ರವ ಸಾರಜನಕದಲ್ಲಿ ನುಣ್ಣಗೆ ಅರೆದು, 250 ಮೈಕ್ರೋಲೀಟರ್ ಎಸ್‌ಡಿಎಸ್ ಸ್ಯಾಂಪಲ್ ಬಫರ್ ಹಾಕಿ, 95 ಡಿಗ್ರಿ ಸೆಲ್ಸಿಯಸ್‌ನಲ್ಲಿ 5 ನಿಮಿಷ ಬಿಸಿಮಾಡಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ತೆಗೆದುಕೊಳ್ಳಿ. 10% ಜೆಲ್‌ನಲ್ಲಿ ಓಡಿಸಿದರೆ ಟ್ಯೂಬುಲಿನ್ 50ರಿಂದ 55 ಕಿಲೊಡಾಲ್ಟನ್ ನಡುವೆ, ಆ್ಯಕ್ಟಿನ್ 42–43ರ ಹತ್ತಿರ ಒಂದೇ ಪಟ್ಟಿಯಾಗಿ ಬರಬೇಕು.

ಎಲೆಯನ್ನಂತೂ ಬಳಸಬೇಡಿ. ಎಲೆಯಲ್ಲಿ ರುಬಿಸ್ಕೊ (ದ್ಯುತಿಸಂಶ್ಲೇಷಣೆಯ ಕಿಣ್ವ) ಹೇರಳ, ಅದರ ದೊಡ್ಡ ಉಪಘಟಕ ಸುಮಾರು 55 ಕಿಲೊಡಾಲ್ಟನ್. ಟ್ಯೂಬುಲಿನ್ ಓಡುವ ಜಾಗದಲ್ಲೇ ಅದು ದಪ್ಪಗೆ ಕುಳಿತು ಪಟ್ಟಿಯನ್ನು ಅಂಕುಡೊಂಕು ಮಾಡುತ್ತದೆ, ಕೆಲವೊಮ್ಮೆ ಪ್ರತಿಕಾಯವನ್ನೂ ಹಿಡಿದಿಟ್ಟುಕೊಂಡು ಸುಳ್ಳು ಪಟ್ಟಿ ತೋರಿಸುತ್ತದೆ. ಬೇರು ಅಥವಾ ಕತ್ತಲಲ್ಲಿ ಬೆಳೆಸಿದ ಮೊಳಕೆ ಒಳ್ಳೆಯದು. ಬ್ಲಾಟ್‌ನಲ್ಲಿ ಪಾಸಾದ ಕ್ಲೋನ್ ಸ್ಲೈಡ್‌ನಲ್ಲೂ ಪಾಸಾಗುತ್ತದೆ ಎಂಬ ಖಾತರಿ ಇಲ್ಲ, ಏಕೆಂದರೆ ಜೆಲ್‌ನಲ್ಲಿ ಪ್ರೋಟೀನು ಬಿಚ್ಚಿಕೊಂಡಿರುತ್ತದೆ, ಸ್ಲೈಡ್‌ನಲ್ಲಿ ಆಲ್ಡಿಹೈಡ್‌ನಿಂದ ಹೊಲಿಗೆ ಹಾಕಿಸಿಕೊಂಡಿರುತ್ತದೆ. ಆದರೆ ಬ್ಲಾಟ್‌ನಲ್ಲಿ ನಾಲ್ಕೈದು ಪಟ್ಟಿ ಕೊಡುವ ಕ್ಲೋನಿನಿಂದ ಸ್ಲೈಡ್‌ನಲ್ಲಿ ಬಂದ ಚಿತ್ರವನ್ನು ನಂಬಲಾಗದು, ಅದು ಎಷ್ಟೇ ಸುಂದರವಾಗಿದ್ದರೂ.

ಬಫರ್ ಮತ್ತು ಫಿಕ್ಸೇಟಿವ್

ಮೈಕ್ರೋಟ್ಯೂಬ್ಯೂಲ್ ಸ್ಥಿರಗೊಳಿಸುವ ಬಫರ್, 500 ಮಿ.ಲೀ.ಗೆ:

- ಪೈಪ್ಸ್ (ಆಮ್ಲ ರೂಪ) 7.56 ಗ್ರಾಂ, ಅಂದರೆ 50 ಮಿಲಿಮೋಲಾರ್
- ಇಜಿಟಿಎ 0.95 ಗ್ರಾಂ, 5 ಮಿಲಿಮೋಲಾರ್
- ಮೆಗ್ನೀಸಿಯಂ ಸಲ್ಫೇಟ್ (ಏಳು ನೀರಿನದು) 0.62 ಗ್ರಾಂ, 5 ಮಿಲಿಮೋಲಾರ್
- ಪೊಟಾಸಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 6.9

400 ಮಿ.ಲೀ. ನೀರಿಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾಗುತ್ತದೆ. ಪೈಪ್ಸ್ ಕೆಟ್ಟಿದೆ ಎಂದುಕೊಂಡು ಚೆಲ್ಲಬೇಡಿ. ಕ್ಷಾರ ಹಾಕುತ್ತ ಹೋದಂತೆ, ಪಿಎಚ್ 6 ದಾಟಿದ ಮೇಲೆ, ತಿಳಿಯಾಗುತ್ತದೆ. ತಿಳಿಯಾಗುವ ಮುನ್ನವೇ ನೀರು ತುಂಬಿ 500ಕ್ಕೆ ತಂದುಬಿಟ್ಟರೆ ಪಿಎಚ್ ಸರಿಪಡಿಸಲು ಜಾಗ ಇರುವುದಿಲ್ಲ. ಇಜಿಟಿಎ ಕೆಲಸ ಕ್ಯಾಲ್ಸಿಯಂ ಹಿಡಿದಿಡುವುದು. ಕತ್ತರಿಸಿದ ಕೋಶಗಳಿಂದ, ಭಿತ್ತಿಯ ಪೆಕ್ಟಿನ್‌ನಿಂದ ಹೊರಬರುವ ಕ್ಯಾಲ್ಸಿಯಂ ಮೈಕ್ರೋಟ್ಯೂಬ್ಯೂಲ್‌ಗಳನ್ನು ಕಳಚಿಹಾಕುತ್ತದೆ. ಈ ಬಫರ್‌ನ ಎರಡು ಪಟ್ಟು ಗಟ್ಟಿ ದ್ರಾವಣವನ್ನೂ 100 ಮಿ.ಲೀ. ಮಾಡಿಟ್ಟುಕೊಳ್ಳಿ.

ಫಾರ್ಮಾಲ್ಡಿಹೈಡನ್ನು ಪುಡಿಯಿಂದಲೇ ಮಾಡಿ. ಫ್ಯೂಮ್ ಹುಡ್‌ನ ಒಳಗೆ, 4 ಗ್ರಾಂ ಪ್ಯಾರಾಫಾರ್ಮಾಲ್ಡಿಹೈಡನ್ನು 45 ಮಿ.ಲೀ. ನೀರಿಗೆ ಹಾಕಿ 60 ಡಿಗ್ರಿಗೆ ಬಿಸಿಮಾಡಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಬಿಟ್ಟರೆ ಕರಗುತ್ತದೆ. ತಣಿಸಿ, 50 ಮಿ.ಲೀ.ಗೆ ತಂದರೆ 8% ದ್ರಾವಣ. ಇದಕ್ಕೆ ಎರಡು ಪಟ್ಟು ಬಫರ್ ಸಮಪಾಲು ಸೇರಿಸಿದರೆ 4%. ಪಿಎಚ್ ಮತ್ತೆ ನೋಡಿ, ಏಕೆಂದರೆ ಪುಡಿ ಕರಗಿಸಲು ಹಾಕಿದ ಕ್ಷಾರ ಅದರಲ್ಲೇ ಉಳಿದಿದೆ. ಬಾಟಲಿಯಲ್ಲಿ ಬರುವ 37% ಫಾರ್ಮಲಿನ್‌ನಲ್ಲಿ ಮೆಥನಾಲ್ ಸೇರಿರುತ್ತದೆ. ಈ ಕೆಲಸಕ್ಕೆ ಅದು ಬೇಡ. ಕೊನೆಯಲ್ಲಿ ಪೊರೆ ಸಡಿಲಿಸುವ ಟ್ರೈಟಾನ್ ಎಕ್ಸ್-100 ಶೇ. 0.1, ಡಿಎಂಎಸ್‌ಒ ಶೇ. 5, ಗ್ಲುಟರಾಲ್ಡಿಹೈಡ್ ಶೇ. 0.1 ಸೇರಿಸಿ. ಅದೇ ದಿನ ಬಳಸಿ ಮುಗಿಸಿ.

ಗ್ಲುಟರಾಲ್ಡಿಹೈಡ್ ಬೇಕೇ ಎಂಬ ಬಗ್ಗೆ ಭಿನ್ನಾಭಿಪ್ರಾಯ ಇದೆ. ಬೇಕು ಎಂಬುದೇ ನಮ್ಮ ನಿಲುವು. 1963ರಲ್ಲಿ ಲೆಡ್‌ಬೆಟರ್ ಮತ್ತು ಪೋರ್ಟರ್ ಸಸ್ಯಕೋಶದ ಅಂಚಿನಲ್ಲಿ ಮೈಕ್ರೋಟ್ಯೂಬ್ಯೂಲ್‌ಗಳಿವೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದೂ ಗ್ಲುಟರಾಲ್ಡಿಹೈಡ್ ಬಂದ ಮೇಲೆಯೇ. ಫಾರ್ಮಾಲ್ಡಿಹೈಡ್ ಬೇಗ ಒಳಹೋಗುತ್ತದೆ, ಆದರೆ ಮೆಲ್ಲಗೆ ಹಿಡಿಯುತ್ತದೆ. ಗ್ಲುಟರಾಲ್ಡಿಹೈಡ್‌ಗೆ ಎರಡು ತುದಿಗಳಲ್ಲೂ ಹಿಡಿತವಿದೆ, ಆದ್ದರಿಂದ ಬಿಗಿಯಾಗಿ ಬಂಧಿಸುತ್ತದೆ. ಶೇ. 0.1ನ್ನು ಮೇಲೆ ಹೇಳಿದ ಆಲ್ಫಾ ಟ್ಯೂಬುಲಿನ್ ಕ್ಲೋನ್‌ಗಳು ತಡೆದುಕೊಳ್ಳುತ್ತವೆ. ಶೇ. 1ಕ್ಕೆ ಏರಿಸಿದರೆ ಊತಕ ಹಳದಿಗೆ ತಿರುಗುತ್ತದೆ, ತಾನೇ ಹೊಳೆಯತೊಡಗುತ್ತದೆ, ಪ್ರತಿಕಾಯಕ್ಕೆ ಒಳದಾರಿಯೂ ಮುಚ್ಚಿಕೊಳ್ಳುತ್ತದೆ.

ಗೆಡ್ಡೆಯಿಂದ ಇಳಿಯುವ ಬೇರು ದಪ್ಪ. ಬೀಜವನ್ನು ಒದ್ದೆ ಫಿಲ್ಟರ್ ಕಾಗದದ ಮೇಲೆ ಮೊಳೆಸಿದರೆ ತೆಳ್ಳನೆಯ ಬೇರು ಸಿಗುತ್ತದೆ, ಫಿಕ್ಸೇಟಿವ್ ಬೇಗ ನಾಟುತ್ತದೆ. ಬೇರು 1ರಿಂದ 2 ಸೆಂ.ಮೀ. ಆದಾಗ ತುದಿಯ 2 ಮಿ.ಮೀ.ಯನ್ನು ಫಿಕ್ಸೇಟಿವ್‌ನ ಒಳಗೇ ಮುಳುಗಿಸಿ ಹೊಸ ಬ್ಲೇಡಿನಿಂದ ಕತ್ತರಿಸಿ. ಗಾಳಿಯಲ್ಲಿ ಕತ್ತರಿಸಿ ಆಮೇಲೆ ಹಾಕಿದರೆ ಆ ಅಷ್ಟು ಹೊತ್ತಿನಲ್ಲೇ ಕತ್ತರಿಸಿದ ಅಂಚಿನ ಕೋಶಗಳಲ್ಲಿ ವ್ಯವಸ್ಥೆ ಕೆಡುತ್ತದೆ. ಫಿಕ್ಸೇಟಿವ್ 22ರಿಂದ 25 ಡಿಗ್ರಿಯಲ್ಲಿರಲಿ. ಫ್ರಿಜ್‌ನಿಂದ ನೇರ ತೆಗೆದ ದ್ರಾವಣ ಹಾಕುವುದೇ ಈ ಕೆಲಸದಲ್ಲಿ ಅತಿ ಹೆಚ್ಚು ಸ್ಲೈಡುಗಳನ್ನು ಹಾಳುಮಾಡುವ ಅಭ್ಯಾಸ: ತಣ್ಣಗಾದ ಕೂಡಲೇ ಮೈಕ್ರೋಟ್ಯೂಬ್ಯೂಲ್‌ಗಳು ಬಿಚ್ಚಿಕೊಂಡು ಬಿಡಿ ಟ್ಯೂಬುಲಿನ್ ಆಗುತ್ತವೆ, ಫಿಕ್ಸೇಟಿವ್ ಆ ಬಿಡಿ ಟ್ಯೂಬುಲಿನನ್ನೇ ನಿಷ್ಠೆಯಿಂದ ಹಿಡಿದಿಡುತ್ತದೆ. ಮೊದಲ 10 ನಿಮಿಷ ನಿರ್ವಾತದಲ್ಲಿಟ್ಟು ಒತ್ತಡವನ್ನು ನಿಧಾನವಾಗಿ ಬಿಡಿ. ತೇಲುತ್ತಿದ್ದ ತುದಿಗಳು ಮುಳುಗಬೇಕು. ಒಟ್ಟು ಒಂದು ಗಂಟೆ. ಆಮೇಲೆ ಬಫರ್‌ನಲ್ಲಿ 10 ನಿಮಿಷದಂತೆ ಮೂರು ಸಲ ತೊಳೆಯಿರಿ.

ಉಳಿದ ಆಲ್ಡಿಹೈಡನ್ನು ಈಗಲೇ ಮುಗಿಸಿ. ಸೋಡಿಯಂ ಬೋರೊಹೈಡ್ರೈಡ್ 1 ಮಿ.ಗ್ರಾಂ ಪ್ರತಿ ಮಿ.ಲೀ.ಗೆ, ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರ್ ಇರುವ ಉಪ್ಪುನೀರು), ಆ ಕ್ಷಣ ಕರಗಿಸಿ 15 ನಿಮಿಷ. ಟ್ಯೂಬಿನ ಮುಚ್ಚಳ ತೆರೆದಿರಲಿ. ಹೊರಬರುವುದು ಜಲಜನಕ, ಹತ್ತಿರ ಜ್ವಾಲೆ ಇರಬಾರದು. ಗುಳ್ಳೆಗಳು ತುದಿಗಳನ್ನು ಮೇಲೆ ಎತ್ತುತ್ತವೆ, ಆಗಾಗ ಪಿಪೆಟ್ ತುದಿಯಿಂದ ತಟ್ಟಿ ಮುಳುಗಿಸುತ್ತಿರಿ. ಸ್ಲೈಡಿಗೆ ಅಂಟಿಸಿದ ಮೇಲೆ ಈ ಹೆಜ್ಜೆ ಮಾಡಿದರೆ ಅದೇ ಗುಳ್ಳೆಗಳು ಕೋಶಗಳನ್ನು ಕಿತ್ತುಕೊಂಡು ಹೋಗುತ್ತವೆ.

ಭಿತ್ತಿ ಸಡಿಲಿಸುವುದು

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಡುವ ಹಂತ ಇದು. 10 ಮಿ.ಲೀ. ಕಿಣ್ವ ದ್ರಾವಣಕ್ಕೆ ಎಂಇಎಸ್ 0.049 ಗ್ರಾಂ, ಇಜಿಟಿಎ 0.019 ಗ್ರಾಂ, ಮ್ಯಾನಿಟಾಲ್ 0.73 ಗ್ರಾಂ ಕರಗಿಸಿ ಪಿಎಚ್ 5.5ಕ್ಕೆ ತನ್ನಿ. ಇಲ್ಲಿ ಪೈಪ್ಸ್ ಬೇಡ, 5.5ರಲ್ಲಿ ಅದಕ್ಕೆ ಪಿಎಚ್ ಹಿಡಿದಿಡುವ ಶಕ್ತಿ ಇಲ್ಲ. ಇದಕ್ಕೆ ಸೆಲ್ಯುಲೇಸ್ ಒನೊಜುಕಾ ಆರ್-10 0.1 ಗ್ರಾಂ, ಪೆಕ್ಟೊಲೈಯೇಸ್ ವೈ-23 0.01 ಗ್ರಾಂ, ಬಿಎಸ್‌ಎ (ದನದ ರಕ್ತಸಾರದ ಪ್ರೋಟೀನು) 0.1 ಗ್ರಾಂ. ಪುಡಿ ಪೂರ್ತಿ ಕರಗುವುದಿಲ್ಲ. ಅರ್ಧ ಗಂಟೆ ಬಿಟ್ಟು, 10,000 ಜಿ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ ತಿಳಿಯನ್ನು ಮಾತ್ರ ಬಳಸಿ.

ಪ್ರೋಟಿಯೇಸ್ ತಡೆಗಳನ್ನು ಕೊನೆಯ ನಿಮಿಷದಲ್ಲಿ ಹಾಕಿ: ಪಿಎಂಎಸ್‌ಎಫ್ 1 ಮಿಲಿಮೋಲಾರ್ (ಐಸೊಪ್ರೊಪನಾಲ್‌ನಲ್ಲಿ ಕರಗಿಸಿದ 100 ಮಿಲಿಮೋಲಾರ್ ದ್ರಾವಣದಿಂದ 100 ಮೈಕ್ರೋಲೀಟರ್), ಲ್ಯೂಪೆಪ್ಟಿನ್ 5 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ, ಪೆಪ್‌ಸ್ಟಾಟಿನ್ 1 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ. ಪಿಎಂಎಸ್‌ಎಫ್ ನೀರಿನಲ್ಲಿ ಬಹಳ ಹೊತ್ತು ಬದುಕುವುದಿಲ್ಲ, ಪಿಎಚ್ 7ರಲ್ಲಿ ಎರಡು ಗಂಟೆಯೊಳಗೆ ಅರ್ಧ ಹಾಳಾಗಿರುತ್ತದೆ. ಬೆಳಗ್ಗೆ ಹಾಕಿಟ್ಟ ದ್ರಾವಣವನ್ನು ಸಂಜೆ ಬಳಸಿದರೆ ತಡೆ ಹಾಕಿಯೂ ಹಾಕದಂತೆ. ಬಿಎಸ್‌ಎ ಇಲ್ಲಿರುವುದೂ ಅದಕ್ಕೇ, ಉಳಿದ ಪ್ರೋಟಿಯೇಸ್‌ಗೆ ತಿನ್ನಲು ಬೇರೇನಾದರೂ ಸಿಗಲಿ ಎಂದು.

25 ಡಿಗ್ರಿಯಲ್ಲಿ 20 ನಿಮಿಷದಿಂದ ಶುರುಮಾಡಿ. ಗಡಿಯಾರಕ್ಕಿಂತ ಸೂಜಿಯನ್ನು ನಂಬಿ. ಪ್ರತಿ 5 ನಿಮಿಷಕ್ಕೆ ಒಂದು ತುದಿಯನ್ನು ಸ್ಟೀರಿಯೊ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಿಂದ ಮೆಲ್ಲಗೆ ಒತ್ತಿ ನೋಡಿ: ಪುಟಿದು ಹಿಂದಿರುಗಿದರೆ ಇನ್ನೂ ಬೇಕು, ಒತ್ತಿದಲ್ಲಿ ತಗ್ಗು ಉಳಿದು ಅಂಚಿನ ಕೋಶಗಳು ಸಾಲುಸಾಲಾಗಿ ಬಿಡಿಸಿಕೊಂಡರೆ ಸಾಕು. ತಾನಾಗಿಯೇ ಕದಡಿಹೋಗುತ್ತಿದ್ದರೆ ಅತಿಯಾಯಿತು. ಕಿಣ್ವದ ಪುಡಿ ಲಾಟಿನಿಂದ ಲಾಟಿಗೆ ಬದಲಾಗುತ್ತದೆ, ಹಾಗಾಗಿ ಹೊಸ ಡಬ್ಬಿ ತೆರೆದಾಗಲೆಲ್ಲ 10, 20, 30, 40 ನಿಮಿಷಗಳ ಸಾಲು ಪ್ರಯೋಗ ಮಾಡಿ ಡಬ್ಬಿಯ ಮೇಲೆಯೇ ಬರೆದಿಡಿ. ತಡೆಗಳಿರುವ ಸ್ಥಿರಗೊಳಿಸುವ ಬಫರ್‌ನಲ್ಲಿ ಮೂರು ಸಲ ತೊಳೆಯಿರಿ.

ಅರಾಬಿಡಾಪ್ಸಿಸ್‌ನಂಥ ಎಳೆಯ ಸಸಿಯ ಅಂಗಗಳನ್ನು ಇಡಿಯಾಗಿ ನೋಡಬೇಕಾದಾಗ ಇನ್ನೊಂದು ದಾರಿ ಇದೆ: ಫಿಕ್ಸ್ ಮಾಡಿದ ಊತಕವನ್ನು ಎರಡು ಸ್ಲೈಡುಗಳ ನಡುವೆ ಇಟ್ಟು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಒತ್ತಿದರೆ ಭಿತ್ತಿಗಳು ಬಿರುಕುಬಿಡುತ್ತವೆ, ಪ್ರತಿಕಾಯ ಆ ಬಿರುಕುಗಳಿಂದ ನುಗ್ಗುತ್ತದೆ. ವಾಸ್ಟೆನೀಸ್ ಮತ್ತು ಸಂಗಡಿಗರು 1997ರಲ್ಲಿ ವಿವರಿಸಿದ ಈ ವಿಧಾನದಲ್ಲಿ ಕಿಣ್ವದ ಭಾರ ಕಡಿಮೆ, ಕೋಶಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಬಿರುಕು ಎಲ್ಲಿ ಬೀಳುತ್ತದೆ ಎಂಬುದು ಮಾತ್ರ ನಮ್ಮ ಕೈಯಲ್ಲಿಲ್ಲ.

ಈರುಳ್ಳಿಗೆ ಹಿಂತಿರುಗಿದರೆ: ಶೇ. 0.1 ಪಾಲಿ-ಎಲ್-ಲೈಸಿನ್ ಸವರಿ ಒಣಗಿಸಿದ ಸ್ಲೈಡಿನ ಮೇಲೆ 10 ಮೈಕ್ರೋಲೀಟರ್ ಬಫರ್, ಅದರಲ್ಲಿ ಒಂದು ತುದಿ. ಕವರ್‌ಸ್ಲಿಪ್ ಇಟ್ಟು ಪೆನ್ಸಿಲಿನ ಹಿಂಬದಿಯಿಂದ ನೇರವಾಗಿ ತಟ್ಟಿ. ಪಕ್ಕಕ್ಕೆ ಜಾರಿಸಿದರೆ ಕೋಶಗಳು ಹರಿಯುತ್ತವೆ. ಹನಿಯಲ್ಲಿ ಮಂಜು ಕವಿದಂತೆ ಕಂಡರೆ ಕೋಶಗಳು ಬಿಡಿಯಾಗಿವೆ ಎಂದರ್ಥ. ಕವರ್‌ಸ್ಲಿಪ್ ತೆಗೆದು, ಹೊಳಪು ಆರುವವರೆಗೆ ಮಾತ್ರ ಒಣಗಿಸಿ. ಆಮೇಲೆ ಶೇ. 1 ಟ್ರೈಟಾನ್‌ನಲ್ಲಿ 20 ನಿಮಿಷ, ಪಿಬಿಎಸ್‌ನಲ್ಲಿ ಮೂರು ತೊಳೆತ.

ಪ್ರತಿಕಾಯ ಹಾಕುವುದು

ಭಿತ್ತಿಯ ಹಂತ ದಾಟಿದ ಮೇಲೆ ಉಳಿದದ್ದು ಸರಳ. ಬಿಎಸ್‌ಎ ಶೇ. 1, ಸೆಕೆಂಡರಿ ಯಾವ ಪ್ರಾಣಿಯದೋ ಅದರ ಸೀರಂ ಶೇ. 5 ಇರುವ ಪಿಬಿಎಸ್‌ನಲ್ಲಿ ಅರ್ಧ ಗಂಟೆ ಇಟ್ಟು, ಪ್ರತಿಕಾಯ ಸಿಕ್ಕಸಿಕ್ಕಲ್ಲಿ ಅಂಟದಂತೆ ತಡೆಹಿಡಿಯಿರಿ. ಪ್ರೈಮರಿ 2 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ, 1 ಮಿ.ಗ್ರಾಂ ಪ್ರತಿ ಮಿ.ಲೀ. ಇರುವ ಡಿಎಂ1ಎ ಆದರೆ 500ರಲ್ಲಿ ಒಂದು ಪಾಲು. ಸ್ಲೈಡಿಗೆ 80 ಮೈಕ್ರೋಲೀಟರ್, ಒದ್ದೆ ಡಬ್ಬಿಯಲ್ಲಿ, 37 ಡಿಗ್ರಿಯಲ್ಲಿ ಒಂದೂವರೆ ಗಂಟೆ ಅಥವಾ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಫಿಕ್ಸ್ ಆದ ಮೇಲೆ ತಣ್ಣನೆಯದರಿಂದ ತೊಂದರೆ ಇಲ್ಲ. 10 ನಿಮಿಷದಂತೆ ಮೂರು ತೊಳೆತ. ಅಲೆಕ್ಸಾ ಫ್ಲೂರ್ 488 ಅಂಟಿಸಿದ ಸೆಕೆಂಡರಿ 300ರಲ್ಲಿ ಒಂದು ಪಾಲು, ಕತ್ತಲಲ್ಲಿ ಒಂದು ಗಂಟೆ. ಬಳಸುವ ಮುನ್ನ ಸೆಕೆಂಡರಿಯನ್ನು 15,000 ಜಿ ವೇಗದಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಇಲ್ಲದಿದ್ದರೆ ಅದರೊಳಗಿನ ಗಂಟುಗಳು ಸ್ಲೈಡಿನಲ್ಲೆಲ್ಲ ಹೊಳೆಯುವ ಚುಕ್ಕೆಗಳಾಗುತ್ತವೆ. ಕೊನೆಯ ತೊಳೆತದಲ್ಲಿ ಡಿಎನ್‌ಎಗೆ ಅಂಟುವ ಬಣ್ಣವಾದ ಡಿಎಪಿಐ 1 ಮೈಕ್ರೋಗ್ರಾಂ ಪ್ರತಿ ಮಿ.ಲೀ.ಗೆ, 5 ನಿಮಿಷ. ಬಣ್ಣ ಮಾಸದಂತೆ ತಡೆಯುವ ಮಾಧ್ಯಮದಲ್ಲಿ ಮೌಂಟ್ ಮಾಡಿ ಅಂಚು ಮುಚ್ಚಿ.

ಪ್ರತಿ ಸರಣಿಯಲ್ಲೂ ಮೂರು ಹೋಲಿಕೆ ಸ್ಲೈಡುಗಳು ಕಡ್ಡಾಯ. ಒಂದರಲ್ಲಿ ಪ್ರೈಮರಿ ಇಲ್ಲದೆ ಸೆಕೆಂಡರಿ ಮಾತ್ರ. ಇನ್ನೊಂದರಲ್ಲಿ ಎರಡೂ ಇಲ್ಲದ ಬರೀ ಊತಕ. ಮೂರನೆಯದರಲ್ಲಿ ಫಿಕ್ಸ್ ಮಾಡುವ ಮುನ್ನ ಜೀವಂತ ಬೇರನ್ನು ಮೈಕ್ರೋಟ್ಯೂಬ್ಯೂಲ್ ಕಳಚುವ ಒರೈಜಲಿನ್‌ನಲ್ಲಿ (10 ಮೈಕ್ರೋಮೋಲಾರ್) ಒಂದು ಗಂಟೆ ಇಟ್ಟದ್ದು. ಅಲ್ಲಿ ಎಳೆಗಳು ಮಾಯವಾಗಿ ಮಸುಕು ಹಸಿರು ಉಳಿಯಬೇಕು. ಅದೇ ಬಗೆಯ ಕಾಲ್ಚಿಸಿನ್ ಈ ಕೆಲಸಕ್ಕೆ ಸೂಕ್ತವಲ್ಲ: ಸಸ್ಯದ ಟ್ಯೂಬುಲಿನ್ ಅದಕ್ಕೆ ಪ್ರಾಣಿಯ ಟ್ಯೂಬುಲಿನ್‌ಗಿಂತ ಬಹಳ ಸಡಿಲವಾಗಿ ಅಂಟುತ್ತದೆ, ಒರೈಜಲಿನ್‌ಗೆ ಮಾತ್ರ ಬಲವಾಗಿ ಅಂಟುತ್ತದೆ.

ಏನು ಕಾಣಬೇಕು

63 ಪಟ್ಟಿನ, 1.4 ಎನ್‌ಎ ಆಯಿಲ್ ಲೆನ್ಸ್, 488 ನ್ಯಾನೊಮೀಟರ್ ಬೆಳಕು, 500–550ರಲ್ಲಿ ಗ್ರಹಣ, ಪದರದಿಂದ ಪದರಕ್ಕೆ 0.3 ಮೈಕ್ರೋಮೀಟರ್. ಉದ್ದವಾಗಿ ಬೆಳೆಯುತ್ತಿರುವ ಕೋಶಗಳ ಅಂಚಿನಲ್ಲಿ ಬೇರಿನ ಉದ್ದಕ್ಕೆ ಅಡ್ಡಲಾಗಿ ಒತ್ತೊತ್ತಾದ ಎಳೆಗಳು. ವಿಭಜನೆಗೆ ಸಿದ್ಧವಾಗುವ ಕೋಶದಲ್ಲಿ ನ್ಯೂಕ್ಲಿಯಸ್ ಸುತ್ತ ಸೊಂಟಪಟ್ಟಿಯಂತೆ ಪ್ರೀಪ್ರೊಫೇಸ್ ಬ್ಯಾಂಡ್, ಪಿಕೆಟ್-ಹೀಪ್ಸ್ ಮತ್ತು ನಾರ್ತ್‌ಕೋಟ್ 1966ರಲ್ಲಿ ವರ್ಣಿಸಿದ್ದು. ಮುಂದೆ ಹೊಸ ಭಿತ್ತಿ ಎಲ್ಲಿ ಸೇರುತ್ತದೆ ಎಂಬುದನ್ನು ಅದು ಮೊದಲೇ ತೋರಿಸುತ್ತದೆ. ಆಮೇಲೆ ಸೆಂಟ್ರಿಯೋಲ್ ಇಲ್ಲದ, ತುದಿಗಳು ಮೊಂಡಾದ ಸ್ಪಿಂಡಲ್ (ವರ್ಣತಂತುಗಳನ್ನು ಬೇರ್ಪಡಿಸುವ ರಚನೆ). ಕೊನೆಗೆ ಫ್ರಾಗ್ಮೊಪ್ಲಾಸ್ಟ್: ಎದುರುಬದುರು ಎರಡು ಗುಂಪು ಎಳೆಗಳು, ನಡುವೆ ಕಪ್ಪು ಗೆರೆ. ಆ ಕಪ್ಪು ಗೆರೆಯನ್ನು ದೋಷ ಎಂದುಕೊಳ್ಳಬೇಡಿ. ಹೊಸ ಭಿತ್ತಿ ಕಟ್ಟುತ್ತಿರುವ ಜಾಗ ಅದು, ದಟ್ಟ ವಸ್ತುವಿನ ನಡುವೆ ಪ್ರತಿಕಾಯ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಈ ನಾಲ್ಕು ರಚನೆಗಳೂ ಒಂದೇ ಸ್ಲೈಡಿನಲ್ಲಿ ಸಿಕ್ಕರೆ ವಿಧಾನ ಕೂಡಿಬಂದಿದೆ.

ಕೆಟ್ಟಾಗ ಹುಡುಕುವ ಕ್ರಮ

*ಪೂರ್ತಿ ಕತ್ತಲೆ.* ಒಡೆದ ಕೋಶಗಳನ್ನು, ಕತ್ತರಿಸಿದ ಅಂಚನ್ನು ಮೊದಲು ನೋಡಿ. ಅಲ್ಲಿ ಮಾತ್ರ ಎಳೆಗಳು ಹೊಳೆದು ಇಡೀ ಕೋಶಗಳು ಕಪ್ಪಾಗಿದ್ದರೆ ಪ್ರತಿಕಾಯಗಳೆರಡೂ ಸರಿ, ದಾರಿ ಮುಚ್ಚಿದೆ: ಕಿಣ್ವದ ಹೊತ್ತು ಹೆಚ್ಚಿಸಿ ಅಥವಾ ಟ್ರೈಟಾನ್ ಹೊತ್ತು ಹೆಚ್ಚಿಸಿ. ಒಡೆದ ಕೋಶಗಳೂ ಕಪ್ಪಾಗಿದ್ದರೆ ಸೆಕೆಂಡರಿ ಪ್ರೈಮರಿಗೆ ಹೊಂದುತ್ತದೆಯೇ ನೋಡಿ: ರ‍್ಯಾಟ್ ಪ್ರೈಮರಿಗೆ ಇಲಿಯ ಐಜಿಜಿಯನ್ನು ಮಾತ್ರ ಹಿಡಿಯುವ ಸೆಕೆಂಡರಿ, ಐಜಿಎಂಗೆ ಐಜಿಜಿ ಸೆಕೆಂಡರಿ ಹಾಕಿರುವುದೇ ಸಾಮಾನ್ಯ. ಹಣ ಖರ್ಚುಮಾಡಿ ಹೊಸ ಪ್ರತಿಕಾಯ ತರಿಸುವ ಮುನ್ನ ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಲೇಬೇಕು.

*ಎಳೆಗಳಿಲ್ಲ, ಸಮನಾದ ಹಸಿರು ಮಂಜು.* ಟ್ಯೂಬುಲಿನ್ ಇದೆ, ನಾಳಗಳಿಲ್ಲ. ತಣ್ಣನೆಯ ಫಿಕ್ಸೇಟಿವ್, ಇಜಿಟಿಎ ಮರೆತ ಬಫರ್, ಹಳೆಯ ಫಾರ್ಮಾಲ್ಡಿಹೈಡ್, ಕತ್ತರಿಸಿ ತಡಮಾಡಿದ್ದು, ಈ ನಾಲ್ಕರಲ್ಲಿ ಒಂದು. ಖಚಿತಪಡಿಸಿಕೊಳ್ಳಲು ಫಿಕ್ಸ್ ಮಾಡುವ ಮುನ್ನ ಬೇರನ್ನು ನಾಳಗಳು ಕಳಚದಂತೆ ಹಿಡಿದಿಡುವ ಟ್ಯಾಕ್ಸಾಲ್‌ನಲ್ಲಿ (10 ಮೈಕ್ರೋಮೋಲಾರ್) ಒಂದು ಗಂಟೆ ಇಡಿ. ಟ್ಯಾಕ್ಸಾಲ್ ಇಟ್ಟದ್ದರಲ್ಲಿ ಎಳೆ ಕಂಡು ಇಡದ್ದರಲ್ಲಿ ಕಾಣದಿದ್ದರೆ ಫಿಕ್ಸ್ ಆಗುವ ಮೊದಲೇ ನಾಳಗಳು ಕಳಚುತ್ತಿವೆ. ಟ್ಯಾಕ್ಸಾಲ್ ಹಾಕಿದ ಸ್ಲೈಡನ್ನು ಫಲಿತಾಂಶವಾಗಿ ಬಳಸಬೇಡಿ. ಅದು ಎಳೆಗಳ ಜೋಡಣೆಯನ್ನೇ ಬದಲಿಸುತ್ತದೆ.

*ತುಂಡು ತುಂಡು ಎಳೆಗಳು.* ಪ್ರೋಟಿಯೇಸ್. ಕಿಣ್ವದ ಹೊತ್ತು ಇಳಿಸಿ, ತಡೆಗಳನ್ನು ಹೊಸದಾಗಿ ಹಾಕಿ. ಎಳೆಗಳು ತುಂಡಾಗದೆ ಅಲೆಅಲೆಯಾಗಿ ಬಾಗಿದ್ದರೆ ಅದು ಬೇರೆ: ಫಿಕ್ಸ್ ನಿಧಾನವಾಗಿದೆ, ಅಷ್ಟರಲ್ಲಿ ಕೋಶ ಕುಗ್ಗಿದೆ. ನಿರ್ವಾತದ ಹೆಜ್ಜೆ ಬಿಟ್ಟಿದ್ದರೆ ಹೀಗಾಗುತ್ತದೆ.

*ಭಿತ್ತಿಯೇ ಹೊಳೆಯುತ್ತದೆ.* ಬರೀ ಊತಕದ ಸ್ಲೈಡನ್ನು ಅದೇ ಗೇನ್‌ನಲ್ಲಿ ನೋಡಿ. ಅದರಲ್ಲೂ ಹೊಳೆದರೆ ಭಿತ್ತಿಯ ಫೀನಾಲಿಕ್ ವಸ್ತು ಅಥವಾ ಉಳಿದ ಆಲ್ಡಿಹೈಡ್: ಬೋರೊಹೈಡ್ರೈಡನ್ನು ಹೊಸದಾಗಿ ಮಾಡಿ ಮತ್ತೊಮ್ಮೆ ಹಾಕಿ, ಸಾಲದಿದ್ದರೆ 488ರ ಬದಲು 568ರ ಸೆಕೆಂಡರಿಗೆ ಹೋಗಿ. ಬರೀ ಊತಕ ಕಪ್ಪಾಗಿದ್ದು ಸೆಕೆಂಡರಿ ಮಾತ್ರ ಇರುವ ಸ್ಲೈಡ್ ಹೊಳೆದರೆ ಸೆಕೆಂಡರಿ ಭಿತ್ತಿಗೆ ಸುಮ್ಮನೆ ಅಂಟುತ್ತಿದೆ. ತಡೆಹಿಡಿಯುವ ಹೊತ್ತು ಹೆಚ್ಚಿಸಿ, ಸೆಕೆಂಡರಿ ಅರ್ಧಕ್ಕಿಳಿಸಿ.

*ನ್ಯೂಕ್ಲಿಯಸ್ ಹೊಳೆಯುತ್ತದೆ.* ಸಾಮಾನ್ಯವಾಗಿ ಪ್ರೈಮರಿ ಹೆಚ್ಚಾಗಿದೆ. 5, 2, 1, 0.5 ಮೈಕ್ರೋಗ್ರಾಂಗಳ ಸಾಲು ಹಾಕಿದರೆ ಎಳೆಗಳು ಉಳಿದು ನ್ಯೂಕ್ಲಿಯಸ್ ಮಂಕಾಗುವ ಜಾಗ ಸಿಗುತ್ತದೆ. ಯಾವ ಸಾಂದ್ರತೆಯಲ್ಲೂ ಎರಡೂ ಸಮನಾಗಿ ಇಳಿದರೆ ಆ ಕ್ಲೋನ್ ಬಿಟ್ಟು ಬೇರೆಯದನ್ನು ಬ್ಲಾಟ್‌ನಿಂದ ಶುರುಮಾಡಿ.

ಆ್ಯಕ್ಟಿನ್‌ಗೆ ಬದಲಾಯಿಸುವಾಗ

ಟ್ಯೂಬುಲಿನ್‌ಗೆ ಚೆನ್ನಾಗಿ ಕೂಡಿಬಂದ ಫಿಕ್ಸೇಟಿವನ್ನೇ ಆ್ಯಕ್ಟಿನ್‌ಗೂ ಹಾಕಿದರೆ ಸಿಗುವುದು ಚುಕ್ಕೆಗಳು, ಎಳೆಗಳಲ್ಲ. ಸಸ್ಯದ ಸಣ್ಣ ಆ್ಯಕ್ಟಿನ್ ಎಳೆಗಳು ಫಾರ್ಮಾಲ್ಡಿಹೈಡ್ ಹಿಡಿಯುವ ಮುನ್ನವೇ ಮುರಿಯುತ್ತವೆ. ಸೊನೊಬೆ ಮತ್ತು ಶಿಬಾವೊಕಾ 1989ರಲ್ಲಿ ತೋರಿಸಿದ ಪರಿಹಾರ ಎಂಬಿಎಸ್ ಎಂಬ ಕ್ರಾಸ್‌ಲಿಂಕರ್. 3.14 ಮಿ.ಗ್ರಾಂ ಎಂಬಿಎಸ್ಸನ್ನು 100 ಮೈಕ್ರೋಲೀಟರ್ ಡಿಎಂಎಸ್‌ಒದಲ್ಲಿ ಕರಗಿಸಿದರೆ 100 ಮಿಲಿಮೋಲಾರ್. ಅದರ 30 ಮೈಕ್ರೋಲೀಟರನ್ನು ಶೇ. 0.05 ಟ್ರೈಟಾನ್ ಇರುವ 10 ಮಿ.ಲೀ. ಸ್ಥಿರಗೊಳಿಸುವ ಬಫರ್‌ಗೆ ಕಲಕಿ, ಜೀವಂತ ಬೇರನ್ನು ಅದರಲ್ಲಿ ಅರ್ಧ ಗಂಟೆ ಇಟ್ಟು, ನಂತರ ಫಾರ್ಮಾಲ್ಡಿಹೈಡ್. ಎಂಬಿಎಸ್‌ನ ಒಂದು ತುದಿ ಅಮೈನ್‌ಗೆ, ಇನ್ನೊಂದು ಗಂಧಕದ ಗುಂಪಿಗೆ ಅಂಟುತ್ತದೆ. ಆದ್ದರಿಂದ ಆ ದ್ರಾವಣದಲ್ಲಿ ಟ್ರಿಸ್, ಗ್ಲೈಸಿನ್, ಡಿಟಿಟಿ ಯಾವುದೂ ಇರಬಾರದು, ಇದ್ದರೆ ಅವೇ ಅದನ್ನು ಮುಗಿಸಿಬಿಡುತ್ತವೆ. ನೀರಿಗೆ ಬಿದ್ದ ಎಂಬಿಎಸ್ ಬೇಗ ಹಾಳಾಗುತ್ತದೆ, ಬಳಸುವ ನಿಮಿಷದಲ್ಲೇ ಕಲಕಿ.

ಕ್ಲೋನ್ ಆಯ್ಕೆಯೂ ಇಲ್ಲಿ ಟ್ಯೂಬುಲಿನ್‌ನಷ್ಟು ಸಲೀಸಲ್ಲ. ಪ್ರಾಣಿಕೋಶದಲ್ಲಿ ಎಲ್ಲರೂ ಬಳಸುವ ಎಸಿ-15 ಬೀಟಾ ಆ್ಯಕ್ಟಿನ್‌ನ ಆರಂಭದ ತುದಿಯನ್ನು ಹಿಡಿಯುತ್ತದೆ; ಸಸ್ಯದ ಆ್ಯಕ್ಟಿನ್‌ಗಳಲ್ಲಿ ಆ ತುದಿಯ ಅಕ್ಷರಗಳು ಬೇರೆ. ಸಸ್ಯದ ಆ್ಯಕ್ಟಿನ್‌ಗೆಂದೇ ಬಂದ 10-ಬಿ3, ಇಲ್ಲವೇ ಕೋಳಿಯ ಗಿಜರ್ಡ್ ಆ್ಯಕ್ಟಿನ್‌ನಿಂದ ಬಂದ ಸಿ4 ಬಳಸಿ. ಅರಾಬಿಡಾಪ್ಸಿಸ್‌ನಲ್ಲಿ ಎಂಟು ಆ್ಯಕ್ಟಿನ್ ಜೀನ್‌ಗಳು ಕೆಲಸ ಮಾಡುತ್ತವೆ, ಕೆಲವು ಪರಾಗದಲ್ಲಿ, ಕೆಲವು ಬೇರು–ಎಲೆಗಳಲ್ಲಿ. ಒಂದನ್ನು ಹಿಡಿಯುವ ಕ್ಲೋನ್ ಇನ್ನೊಂದನ್ನು ಬಿಡಬಹುದು, ಆದ್ದರಿಂದ ಬ್ಲಾಟನ್ನು ನೀವು ನೋಡಲಿರುವ ಅಂಗದಿಂದಲೇ ಮಾಡಿ. ಹೋಲಿಕೆಯ ಸ್ಲೈಡಿಗೆ ಒರೈಜಲಿನ್ ಬದಲು 1 ಮೈಕ್ರೋಮೋಲಾರ್ ಲ್ಯಾಟ್ರಂಕ್ಯುಲಿನ್ ಬಿ (ಆ್ಯಕ್ಟಿನ್ ಎಳೆಗಳನ್ನು ಕಳಚುವ ವಸ್ತು), ಒಂದು ಗಂಟೆ. ಪಕ್ಕದ ಸ್ಲೈಡಿನಲ್ಲಿ ಆ್ಯಕ್ಟಿನ್ ಎಳೆಗೆ ನೇರವಾಗಿ ಅಂಟುವ ಫ್ಯಾಲಾಯ್ಡಿನ್ ಹಾಕಿ ಹೋಲಿಸುವುದಾದರೆ ಆ ಸ್ಲೈಡಿಗೆ ಮೆಥನಾಲ್ ತಾಗಬಾರದು. ಮೆಥನಾಲ್ ತಾಗಿದ ಆ್ಯಕ್ಟಿನ್‌ಗೆ ಫ್ಯಾಲಾಯ್ಡಿನ್ ಅಂಟುವುದಿಲ್ಲ.

ಎರಡನ್ನೂ ಒಟ್ಟಿಗೆ ನೋಡಲು ವೈಒಎಲ್1/34 ಮತ್ತು 10-ಬಿ3 ಜೋಡಿ ಸರಿಹೊಂದುತ್ತದೆ. ಇಲಿ ಮತ್ತು ರ‍್ಯಾಟ್‌ನ ಐಜಿಜಿಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ ಸಾಮಾನ್ಯ ಸೆಕೆಂಡರಿಗಳು ಎರಡನ್ನೂ ಹಿಡಿಯುತ್ತವೆ. ಎರಡೂ ಕಡೆ, ಇನ್ನೊಂದರ ವಿರುದ್ಧ ಕ್ರಾಸ್-ಅಡ್ಸಾರ್ಬ್ ಮಾಡಿದ (ಇನ್ನೊಂದನ್ನು ಹಿಡಿಯುವ ಪಾಲನ್ನು ತೆಗೆದುಹಾಕಿದ) ಸೆಕೆಂಡರಿಯನ್ನೇ ಬಳಸಿ. ಅದು ಸಿಗದಿದ್ದರೆ 12ಜಿ10 ಮತ್ತು ಜೆಎಲ್‌ಎ20 ಜೋಡಿ, ಐಜಿಜಿ1ಗೆ ಒಂದು, ಐಜಿಎಂಗೆ ಒಂದು ಪ್ರತ್ಯೇಕ ಸೆಕೆಂಡರಿ. ಯಾವ ಜೋಡಿಯಾದರೂ ನಾಲ್ಕು ಹೋಲಿಕೆ ಸ್ಲೈಡುಗಳು ಬೇಕು: ಮೊದಲ ಪ್ರೈಮರಿಗೆ ಎರಡನೆಯದರ ಸೆಕೆಂಡರಿ, ಎರಡನೆಯದಕ್ಕೆ ಮೊದಲನೆಯದರ ಸೆಕೆಂಡರಿ, ಮತ್ತು ಪ್ರತಿ ಪ್ರೈಮರಿ ತನ್ನದೇ ಸೆಕೆಂಡರಿಯೊಂದಿಗೆ ಒಂಟಿಯಾಗಿ. ಲೇಸರ್ ಬಲ ಮತ್ತು ಗೇನನ್ನು ಪೂರ್ತಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಒಮ್ಮೆ ನಿಗದಿಮಾಡಿ, ಈ ನಾಲ್ಕನ್ನೂ ಅದೇ ಅಂಕೆಗಳಲ್ಲಿ ಚಿತ್ರಿಸಿ, ಆ ಅಂಕೆಗಳನ್ನು ಕ್ಲೋನಿನ ಹೆಸರು, ಲಾಟ್ ಸಂಖ್ಯೆ, ಕಿಣ್ವದ ಹೊತ್ತಿನ ಜೊತೆಗೇ ಚಿತ್ರದ ಫೈಲಿನಲ್ಲಿ ಉಳಿಸಿ.